ಬಂದೂಕು ಕೊಟ್ಟು ಹೊಲಿಗೆಯಂತ್ರ ಒಯ್ದವರು
(ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಸಂತ ಫ್ರಾನ್ಸಿಸರೆಂದರೆ ಹಕ್ಕಿಗಳಿಗೆ ಬೋಧಿಸಿದವರು, ಗೋದಲಿ ಕಟ್ಟಿಸಿದವರು ಎಂಬ ಚಿತ್ರವೇ ನಮ್ಮ ಕಣ್ಣಮುಂದೆ ಬರುತ್ತದೆ. ಅವರು ಶಸ್ತ್ರ ಹಿಡಿದವರೂ ಹೌದು. 1202ರಲ್ಲಿ ಅಸ್ಸೀಸಿಗೂ ನೆರೆಯ ಪೆರೂಜಿಯಾಕ್ಕೂ ನಡೆದ ಕಾಳಗದಲ್ಲಿ ಸೆರೆಸಿಕ್ಕು ಸುಮಾರು ಒಂದು ವರ್ಷ ಬಂದಿಯಾಗಿದ್ದರು. ಶಾಂತಿಯ ಬೋಧಕರಾದದ್ದು ಯುದ್ಧವನ್ನು ಕಂಡ ಮೇಲೆ.

ಅವರ ಹಬ್ಬದ ದಿನವೇ, 1992ರ ಅಕ್ಟೋಬರ್ 4ರಂದು, ರೋಮ್ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ 1977ರಿಂದ ನಡೆದಿದ್ದ ಅಂತರ್ಯುದ್ಧಕ್ಕೆ ಅಂದು ತೆರೆಬಿತ್ತು. ಸುಮಾರು ಹತ್ತು ಲಕ್ಷ ಜನ ಅಷ್ಟರಲ್ಲಿ ಸತ್ತಿದ್ದರು. ಎರಡೂ ಪಕ್ಷಗಳನ್ನು ಮಾತುಕತೆಗೆ ಕೂರಿಸಿದವರಲ್ಲಿ ರೋಮಿನ ಸಂತ ಎಜಿದಿಯೊ ಸಮುದಾಯದವರೂ ಬೈರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವಿಸರೂ ಇದ್ದರು.

ಸಹಿಯೇನೋ ಆಯಿತು, ಬಂದೂಕುಗಳು ಎಲ್ಲಿ ಹೋಗಬೇಕು? ಹೊಲದಲ್ಲಿ ಹೂತಿದ್ದವು, ಮನೆಗಳಲ್ಲಿ ಅಡಗಿದ್ದವು. 1995ರಲ್ಲಿ ಆಂಗ್ಲಿಕನ್ ಧರ್ಮಾಧ್ಯಕ್ಷ ದಿನಿಸ್ ಸೆಂಗುಲಾನೆಯವರ ಮುಂದಾಳತ್ವದಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ ಜನರಿಗೆ ಹೇಳಿತು: ಬಂದೂಕು ತಂದುಕೊಡಿ, ಹೊಲಿಗೆಯಂತ್ರವನ್ನೋ ಸೈಕಲ್ಲನ್ನೋ ಗುದ್ದಲಿಯನ್ನೋ ಒಯ್ಯಿರಿ. ಒಂದು ಊರಿನವರಂತೂ ಒಟ್ಟಾಗಿ ಶಸ್ತ್ರ ಒಪ್ಪಿಸಿ ಟ್ರ್ಯಾಕ್ಟರನ್ನೇ ಪಡೆದರು. ಕತ್ತಿಗಳು ನೇಗಿಲ ಗುಳವಾಗುವುದನ್ನು ಪ್ರವಾದಿ ಯೆಶಾಯ ದರ್ಶನದಲ್ಲಿ ಕಂಡಿದ್ದ. ಈ ಜನ ಅದನ್ನು ಅಂಗಳದಲ್ಲೇ ಕಂಡರು.

ಕಬ್ಬಿಣವನ್ನು ಕತ್ತರಿಸುವುದು ಸುಲಭ. ಪಕ್ಕದವನ ಬಂದೂಕು ಇನ್ನೂ ಮನೆಯಲ್ಲಿರುವಾಗ ನನ್ನದನ್ನು ಮೊದಲು ಕೊಡುವುದು ಕಷ್ಟ. ನಮ್ಮ ಮನೆಗಳಲ್ಲಿ ಬಂದೂಕಿಲ್ಲ, ನಿಜ. ಅಪ್ಪನ ಜಮೀನಿನ ಪಾಲಿಗಾಗಿ ಅಣ್ಣತಮ್ಮಂದಿರು ಹೂಡಿದ ದಾವೆಯ ಕಾಗದಗಳು ಬೀರುವಿನಲ್ಲಿವೆ. "ಅವನೇ ಮೊದಲು ಬರಲಿ" ಎಂದು ಎರಡು ಮನೆಯವರೂ ಕಾಯುತ್ತಾರೆ. ಒಂದೇ ಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ.

ತುಂಡರಿಸಿದ ಶಸ್ತ್ರಗಳಲ್ಲಿ ಕೆಲವು ಕಲಾವಿದರ ಕೈಸೇರಿದವು. ಕೆಸ್ಟರ್ ಎಂಬವರು 2001ರಲ್ಲಿ ಅವುಗಳಿಂದ ಒಂದು ಕುರ್ಚಿ ಮಾಡಿದರು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಒರಗಿನಲ್ಲಿರುವ ಎರಡು ಬಂದೂಕಿನ ಹಿಡಿಗಳು ನಗುವ ಮುಖಗಳಂತೆ ಕಾಣುತ್ತವೆ. ಆ ನಗುವನ್ನು ಕೆಸ್ಟರ್ ಕೆತ್ತಿದ್ದಲ್ಲ, ಅವು ಹಿಡಿಯಲ್ಲಿ ಮೊದಲೇ ಇದ್ದ ತೂತು, ಗುರುತುಗಳು. ಕುರ್ಚಿಯಾದರೂ ಬಂದೂಕು ಬಂದೂಕೆಂದೇ ತಿಳಿಯುತ್ತದೆ. ನನಗೆ ಇದು ಬಹಳ ಹಿಡಿಸಿತು. ರಾಜಿಯಾದ ಅಣ್ಣತಮ್ಮಂದಿರೂ ನಡೆದದ್ದನ್ನು ಮರೆತಿರುವುದಿಲ್ಲ. ಆದರೂ ಜೊತೆಯಲ್ಲಿ ಕೂರುತ್ತಾರೆ.

ಆ ದೇಶದ ಸಂಕಟ ಅಲ್ಲಿಗೇ ಮುಗಿಯಲಿಲ್ಲ. 2013ರಲ್ಲಿ ಹಳೆಯ ಪಕ್ಷಗಳ ನಡುವೆ ಮತ್ತೆ ಗುಂಡು ಹಾರಿತು. 2019ರಲ್ಲಿ ಮತ್ತೊಂದು ಒಪ್ಪಂದ ಬೇಕಾಯಿತು. ಉತ್ತರದ ಕಾಬೊ ಡೆಲ್ಗಾಡೊದಲ್ಲಿ 2017ರಲ್ಲಿ ಬೇರೊಂದು ಹಿಂಸೆ ಆರಂಭವಾಗಿ ಲಕ್ಷಾಂತರ ಜನ ಮನೆ ಬಿಟ್ಟರು. ಈಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರನ್ನು ನೆನೆಯೋಣ. ಜೊತೆಗೆ, ನಾವು ಮಾತು ಬಿಟ್ಟಿರುವ ಒಬ್ಬರ ಹೆಸರನ್ನು ಮನಸ್ಸಿನಲ್ಲೇ ಹೇಳೋಣ.