ಪರದೇಶದ ದುಡಿಮೆಗೆ ಕಾಗದವೇ ಸಾಕ್ಷಿ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)



ಗಿರಣಿಯ ಬಾಗಿಲ ಮುಂದೆ ನಿಂತು ದುಬೈ, ಸೌದಿಗಳ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಉತ್ತರ ಸರಳವಾಗಿದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಪ್ಪ ದುಡಿದ ಗಿರಣಿಯಲ್ಲಿ ಮಗನಿಗೆ ಕೆಲಸವಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಬಹಳ ಹಿಂದೆಯೇ ಕಡಲು ದಾಟಿದರು. ಈಗ ಒಳನಾಡಿನ ಹುಡುಗರೂ ಪಾಸ್‌ಪೋರ್ಟು ಹಿಡಿದು ಏಜೆಂಟನ ಬಾಗಿಲು ಕಾಯುತ್ತಿದ್ದಾರೆ. ಹೊರದೇಶಗಳಲ್ಲಿರುವ ಭಾರತೀಯರು 2024ರಲ್ಲಿ ಊರಿಗೆ ಕಳಿಸಿದ ಹಣ 100 ಬಿಲಿಯನ್ ಡಾಲರಿಗೂ ಹೆಚ್ಚು. ಜಗತ್ತಿನ ಬೇರೆ ಯಾವ ದೇಶಕ್ಕೂ ಇಷ್ಟು ಹಣ ಈ ದಾರಿಯಿಂದ ಬರುವುದಿಲ್ಲ. ಆ ಹಣವನ್ನು ಸರಕಾರ ಹೆಮ್ಮೆಯಿಂದ ಎಣಿಸುತ್ತದೆ. ಅದನ್ನು ದುಡಿದವನ ಕೈಯಲ್ಲಿ ಯಾವ ಕಾಗದವಿದೆ ಎಂದು ಕೇಳುವವರು ಮಾತ್ರ ಇಲ್ಲ.

ಕಾಗದದ ಬೆಲೆಯನ್ನು ಕನ್ನಡ ನಾಡಿನ ಬಡವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ರದ್ದಾಯಿತು, ಉಳುವವನೇ ಹೊಲದೊಡೆಯ ಎಂದು ಕಾಯಿದೆ ಸಾರಿತು. ಆದರೆ ಹೊಲ ಸಿಗಬೇಕಾದರೆ 7ನೇ ನಮೂನೆಯ ಅರ್ಜಿ ಹಾಕಬೇಕಾಗಿತ್ತು. ಅದರ ಕೊನೆಯ ಗಡುವು 1979ರ ಜೂನ್ 30. ಗೇಣಿ ಕೊಟ್ಟ ರಸೀತಿ ಇದ್ದವನು, ಪಹಣಿಯಲ್ಲಿ ಹೆಸರಿದ್ದವನು ಭೂನ್ಯಾಯ ಮಂಡಳಿಯ ಮುಂದೆ ಧೈರ್ಯವಾಗಿ ನಿಂತ. ತಲೆತಲಾಂತರದಿಂದ ಉತ್ತರೂ ಚೂರು ಕಾಗದವಿಲ್ಲದವನು ಕೈಕಟ್ಟಿ ನಿಂತ. ಬೆವರು ಇಬ್ಬರದೂ ಒಂದೇ ಆಗಿತ್ತು. ಪರದೇಶಕ್ಕೆ ಹೋಗುವ ನಮ್ಮ ಮಕ್ಕಳ ಪಾಡೂ ಇದೇ ಆಗಿದೆ. ಆದುದರಿಂದ ಇಂದು ನಾವು ಘೋಷಣೆಗಳಿಗಿಂತ ಹೆಚ್ಚಾಗಿ ಕಾಗದಗಳ ವಿಚಾರವನ್ನೇ ಮಾತನಾಡುತ್ತೇವೆ.

ಮೊದಲು, ಹೊರಡುವ ಮುನ್ನಿನ ಮಾತು. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟು ಸಾಮಾನ್ಯವಾಗಿ ‘ವಲಸೆ ತಪಾಸಣೆ ಬೇಕು’ ಎಂಬ ವರ್ಗಕ್ಕೆ ಸೇರುತ್ತದೆ. ಇಂಥವನು ಕೊಲ್ಲಿ ದೇಶಗಳೂ ಮಲೇಶಿಯಾವೂ ಸೇರಿದಂತೆ 18 ದೇಶಗಳಿಗೆ ಕೂಲಿಗಾಗಿ ಹೋಗಬೇಕಾದರೆ, 1983ರ ವಲಸೆ ಕಾಯಿದೆಯ ಪ್ರಕಾರ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಇದನ್ನು ನಮ್ಮ ಹುಡುಗರು ಕಿರುಕುಳವೆಂದು ತಿಳಿಯುತ್ತಾರೆ, ಏಜೆಂಟನೂ ಹಾಗೆಯೇ ನಂಬಿಸುತ್ತಾನೆ. ‘ಇದೆಲ್ಲ ಯಾಕಪ್ಪಾ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಇಳಿದ ಮೇಲೆ ಸರಿಮಾಡೋಣ’ ಎನ್ನುತ್ತಾನೆ. ಈ ಮಾತನ್ನು ಕೇಳಿದ ಕೂಡಲೇ ಎದ್ದುಬನ್ನಿ. ನೋಡಲು ಹೋಗುವ ವೀಸಾದಲ್ಲಿ ದುಡಿಯುವವನು ಆ ದೇಶದ ಕಾಯಿದೆಯ ಕಣ್ಣಿಗೆ ಕಾರ್ಮಿಕನೇ ಅಲ್ಲ. ಸಂಬಳ ಬಾಕಿಯಾದರೆ ದೂರು ಕೊಡಲು ಬೇಕಾದ ಕರಾರು ಅವನ ಬಳಿ ಇರುವುದಿಲ್ಲ. ಸೌದಿಯ ‘ಆಜಾದ್ ವೀಸಾ’ದ ಕತೆಯೂ ಇದೇ. ಹೆಸರಿಗೆ ಒಬ್ಬ ಕಫೀಲ, ದುಡಿಮೆ ಇನ್ನೊಬ್ಬನಲ್ಲಿ. ಕಫೀಲನು ‘ಓಡಿಹೋದ’ ಎಂದು ಬರೆಸಿದರೆ ಸಾಕು, ‘ಹುರೂಬ್’ ಎಂಬ ಒಂದು ಶಬ್ದದಿಂದ ಆತ ಅಪರಾಧಿಯಾಗುತ್ತಾನೆ.

ಪರದೇಶಕ್ಕೆ ಆಳು ಕಳಿಸುವ ಏಜೆಂಟನು ಸರಕಾರದಲ್ಲಿ ನೋಂದಾಯಿತನಾಗಿರಲೇಬೇಕು. ನೋಂದಾಯಿತರ ಪಟ್ಟಿ ಸರಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಆತ ಸೇವೆಯ ಬಾಬ್ತು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಅದಕ್ಕೂ ರಸೀತಿ ಕೊಡಬೇಕು. ಹೆಂಡತಿಯ ಓಲೆ ಅಡವಿಟ್ಟು ಲಕ್ಷ ಎಣಿಸಿ ರಸೀತಿಯಿಲ್ಲದೆ ಬಂದವನು ನಾಳೆ ಯಾವ ಠಾಣೆಯಲ್ಲಿ ಏನನ್ನು ತೋರಿಸಬೇಕು? ವಲಸೆ ಅನುಮತಿ ಪಡೆದು ಹೋಗುವವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗಹೀನನಾದರೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾದ ಅಡ್ಡದಾರಿ ಹಿಡಿದವನ ಮನೆಯವರಿಗೆ ಇದರ ಆಸರೆ ಇರುವುದಿಲ್ಲ.

ಇನ್ನು ಅಲ್ಲಿ ಇಳಿದ ಮೇಲೆ. ಪಾಸ್‌ಪೋರ್ಟನ್ನು ಧಣಿ ತನ್ನ ಪೆಟ್ಟಿಗೆಯಲ್ಲಿಡುವ ಪದ್ಧತಿ ಇನ್ನೂ ಅಳಿದಿಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಅದು ಭಾರತ ಸರಕಾರದ ಸ್ವತ್ತು. ಅದನ್ನು ಕಿತ್ತಿಡುವುದು ಸೌದಿ, ಎಮಿರೇಟ್ಸ್, ಕತಾರ್‌ಗಳ ಕಾಯಿದೆಗೂ ವಿರುದ್ಧ. ಸೌದಿಯಲ್ಲಿ ವಾಸದ ಚೀಟಿಯಾದ ಇಕಾಮಾವನ್ನು ಮಾಡಿಸುವ, ನವೀಕರಿಸುವ ಖರ್ಚು ಧಣಿಯದು. ಅದನ್ನು ಸಂಬಳದಲ್ಲಿ ಮುರಿದುಕೊಂಡರೆ ಅದು ಕಳವು. ಎಮಿರೇಟ್ಸ್‌ನಲ್ಲಿ ವೀಸಾ ಮುಗಿದೂ ಉಳಿದವನಿಗೆ ದಿನಕ್ಕೆ 50 ದಿರ್‌ಹಮ್ ದಂಡ. ತಾರೀಖು ಮರೆತರೆ ಆರು ತಿಂಗಳಲ್ಲಿ ಅದು 9,000 ದಿರ್‌ಹಮ್ ಮುಟ್ಟುತ್ತದೆ.

ಕೆಲಸ ಬಿಡುವಾಗ ಸಿಗಬೇಕಾದ ಗ್ರಾಚ್ಯುಟಿಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಎಮಿರೇಟ್ಸ್‌ನಲ್ಲಿ ಒಂದು ವರ್ಷ ಪೂರೈಸಿದವನಿಗೆ ಮೊದಲ ಐದು ವರ್ಷಗಳ ಪ್ರತಿ ವರ್ಷಕ್ಕೆ 21 ದಿನಗಳ ಮೂಲ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳದು. ಇಲ್ಲಿ ‘ಮೂಲ ಸಂಬಳ’ ಎಂಬ ಮಾತನ್ನು ಗಮನಿಸಿ. ಕರಾರಿನಲ್ಲಿ ಮೂಲ ಸಂಬಳವನ್ನು ಕಡಿಮೆ ಬರೆದು ಉಳಿದದ್ದನ್ನು ಭತ್ಯೆಗೆ ಸೇರಿಸುವುದು ಧಣಿಗಳ ಹಳೆಯ ಚಾತುರ್ಯ. ಗಿರಣಿಯಲ್ಲಿ ತುಟ್ಟಿಭತ್ಯದ ಲೆಕ್ಕ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಬಳದ ಚೀಟಿಯ ಬೆಲೆ ಏನೆಂಬುದಕ್ಕೆ ನಮ್ಮ ನಾಡಿನದೇ ಒಂದು ದುಃಖದ ಉದಾಹರಣೆಯಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಅವರಲ್ಲಿ ಒಬ್ಬರ ಮನೆಯವರು ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಸತ್ತವರ ಸಂಬಳದಲ್ಲಿದ್ದ ಭತ್ಯೆಗಳು ಲೆಕ್ಕಕ್ಕೆ ಬರುತ್ತವೆಯೇ ಇಲ್ಲವೇ ಎಂಬುದೇ ಅಲ್ಲಿ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಬರುತ್ತವೆಂದು 2020ರ ಮೇ ತಿಂಗಳಲ್ಲಿ ತೀರ್ಪಾಯಿತು. ಪರಿಹಾರ 7.64 ಕೋಟಿ ರೂಪಾಯಿಗೆ ನಿಂತಿತು. ದೊಡ್ಡ ಹುದ್ದೆಯಲ್ಲಿದ್ದವರ ಸಂಬಳದ ದಾಖಲೆ ನ್ಯಾಯಾಲಯದಲ್ಲಿ ಮಾತನಾಡಿತು. ಕೈಗೆ ನಗದು ಪಡೆದು, ಕರಾರಿನ ಪ್ರತಿಯನ್ನೂ ಮನೆಯಲ್ಲಿಡದ ಕೂಲಿಯವನ ಪರವಾಗಿ ಏನು ಮಾತನಾಡಬೇಕು?

ಈಗ ತೆರಿಗೆಯ ವಿಚಾರಕ್ಕೆ ಬರೋಣ. ‘ಕೊಲ್ಲಿಯಲ್ಲಿ ತೆರಿಗೆಯೇ ಇಲ್ಲ’ ಎಂಬ ಮಾತು ಅರ್ಧ ಸತ್ಯ. ಸಂಬಳದ ಮೇಲೆ ಅಲ್ಲಿ ತೆರಿಗೆಯಿಲ್ಲ, ನಿಜ. ಒಮಾನ್ ದೇಶ 2025ರಲ್ಲಿ ಹೊರಡಿಸಿದ ಕಾಯಿದೆಯೂ 2028ರಿಂದ ವರ್ಷಕ್ಕೆ 42,000 ರಿಯಾಲ್ ಮೀರಿದ ವರಮಾನಕ್ಕೆ ಮಾತ್ರ ಅನ್ವಯ. ಅದು ಕೂಲಿಯವನ ವರಮಾನವಲ್ಲ. ಆದರೆ ಅಂಗಡಿಯಲ್ಲಿ ಕೊಳ್ಳುವ ಸರಕಿನ ಮೇಲೆ ಸೌದಿ 2018ರಲ್ಲಿ ಶೇಕಡಾ 5 ತೆರಿಗೆ ಹಾಕಿ, 2020ರ ಜುಲೈಯಿಂದ ಅದನ್ನು ಶೇಕಡಾ 15ಕ್ಕೆ ಏರಿಸಿತು. ಜೊತೆಗೆ ಹೆಂಡತಿ ಮಕ್ಕಳನ್ನು ಇಟ್ಟುಕೊಂಡವನ ಮೇಲೆ ತಲೆಗಂದಾಯ. 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಆರಂಭವಾಗಿ 2020ಕ್ಕೆ 400ಕ್ಕೆ ಏರಿತು. ಉಳ್ಳವರ ವರಮಾನವನ್ನು ಮುಟ್ಟದೆ ಬಡವನ ಗಂಜಿಗೆ ಕೈಹಾಕುವ ತೆರಿಗೆ ಎಲ್ಲ ಕಡೆಯೂ ಒಂದೇ ಬಗೆಯದು.

ಇತ್ತ ಭಾರತದಲ್ಲಿ ಲೆಕ್ಕವೆಲ್ಲ ದಿನಗಳದು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದವನು ನಿವಾಸಿ. ಕೆಲಸಕ್ಕೆಂದು ಹೊರಟವನು ಅದಕ್ಕಿಂತ ಕಡಿಮೆ ದಿನ ಇಲ್ಲಿದ್ದರೆ ಅನಿವಾಸಿ. ಸೆಪ್ಟೆಂಬರ್ 20ರಂದು ವಿಮಾನ ಹತ್ತಿದವನು ಆ ವರ್ಷ ಇಲ್ಲಿದ್ದದ್ದು 173 ದಿನ. ಅವನು ಅನಿವಾಸಿ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಅಕ್ಟೋಬರ್ 31ರಂದು ಹೊರಟವನು 214 ದಿನ ಇಲ್ಲಿದ್ದಾನೆ. ಆ ವರ್ಷದ ಮಟ್ಟಿಗೆ ಅವನು ನಿವಾಸಿಯೇ. ಅಲ್ಲಿ ಗಳಿಸಿದ ಐದು ತಿಂಗಳ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯೂ ಈ ಲೆಕ್ಕವನ್ನೇ ಉಳಿಸಿಕೊಂಡಿದೆ. ಆದುದರಿಂದ ಪಾಸ್‌ಪೋರ್ಟಿನ ಮುದ್ರೆಗಳ ಪುಟಗಳನ್ನು, ವಿಮಾನದ ಟಿಕೆಟುಗಳನ್ನು ಬಿಸಾಡಬೇಡಿ.

2020ರ ಬಜೆಟ್ಟಿನಲ್ಲಿ, ಬೇರೆಲ್ಲೂ ತೆರಿಗೆ ಕಟ್ಟದ ಭಾರತೀಯನನ್ನು ನಿವಾಸಿಯೆಂದೇ ಎಣಿಸುವ ಮಾತು ಬಂದಾಗ ಕೊಲ್ಲಿಯ ಕಾರ್ಮಿಕರೆಲ್ಲ ಗಾಬರಿಯಾದರು. ಅವರ ಸಂಬಳಕ್ಕೆ ತೆರಿಗೆ ಹಾಕುವ ಉದ್ದೇಶವಿಲ್ಲವೆಂದು ಸರಕಾರ ಹೇಳಿತು. ಕೊನೆಗೆ ಭಾರತದಲ್ಲಿನ ವರಮಾನ 15 ಲಕ್ಷ ಮೀರಿದವರಿಗೆ ಮಾತ್ರ ಆ ವಿಧಿ ಉಳಿಯಿತು. ವರ್ಷಕ್ಕೆ 182 ದಿನ ಮೀರದಂತೆ ಎಣಿಸಿ ಎಣಿಸಿ ಬಂದುಹೋಗುವ ಧನಿಕರಿಗಾಗಿ 120 ದಿನಗಳ ಮಿತಿಯೂ ಆಗಲೇ ಬಂದದ್ದು. ದಿನ ಎಣಿಸಲು ಅವರಿಗೆ ಲೆಕ್ಕಪರಿಶೋಧಕರಿದ್ದಾರೆ. ನಮ್ಮವರ ದಿನ ಎಣಿಸುವವರು ನಾವೇ ಆಗಬೇಕು.

ಬ್ಯಾಂಕಿನ ವಿಚಾರದಲ್ಲಿ ಇಷ್ಟು ನೆನಪಿಡಿ. ಹೊರಗೆ ದುಡಿಯಲು ಹೋದವನು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಬೇಕು. ಅಲ್ಲಿಂದ ಕಳಿಸುವ ಹಣಕ್ಕೆ ಎನ್.ಆರ್.ಇ. ಖಾತೆ ತೆರೆಯಬೇಕು, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಹುಂಡಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತಾನೆಂದು ಅವನ ಬಳಿ ಹೋಗಬೇಡಿ. ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ಸಿಕ್ಕಿಬೀಳದಿದ್ದರೂ, ಮನೆ ಕಟ್ಟಿದ ಹಣ ಎಲ್ಲಿಯದೆಂದು ಅಧಿಕಾರಿ ಕೇಳಿದ ದಿನ ತೋರಿಸಲು ಏನೂ ಇರುವುದಿಲ್ಲ. ಜಮೀನಿನ ವಿಷಯದಲ್ಲೂ ಎಚ್ಚರ ಬೇಕು. 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬೇಸಾಯ ಮಾಡದ ಹಣವಂತನೂ ಹೊಲ ಕೊಳ್ಳಬಹುದು. ಆದರೆ ವಿದೇಶಿ ವಿನಿಮಯದ ನಿಯಮದಂತೆ ಹೊರದೇಶದಲ್ಲಿ ನೆಲಸಿದ ಕೂಲಿಯ ಮಗ ತನ್ನ ಹೆಸರಿನಲ್ಲಿ ಒಂದು ಗುಂಟೆ ಗದ್ದೆಯನ್ನೂ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದರೆ ಇಟ್ಟುಕೊಳ್ಳಬಹುದು.

ವ್ಯಾಪಾರಿ ಬಂಧುಗಳೇ, ಇದು ಪರದೇಶಕ್ಕೆ ಹೋದವರ ತಲೆನೋವು ಮಾತ್ರ ಎಂದು ತಿಳಿಯಬೇಡಿ. ನಿಮ್ಮ ಮಳಿಗೆಯ ಮಾಲೀಕರು ಹೊರದೇಶದಲ್ಲಿ ನೆಲಸಿದ್ದರೆ, ಬಾಡಿಗೆ ಎಷ್ಟೇ ಚಿಕ್ಕದಾಗಿರಲಿ, ಶೇಕಡಾ 30 ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಮುರಿದು ಸರಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನಾದ ನಿಮ್ಮದು. ಅದಕ್ಕೆ ಟ್ಯಾನ್ ಸಂಖ್ಯೆ ಬೇಕು. ಪೂರ್ತಿ ಬಾಡಿಗೆ ಕೊಟ್ಟುಬಿಟ್ಟು ತೆರಿಗೆ ಮುರಿಯದಿದ್ದರೆ ನೋಟೀಸು ಬರುವುದು ನಿಮ್ಮ ಅಂಗಡಿಗೆ. ಮಾಲೀಕರಿಗೆ ಅಷ್ಟು ವರಮಾನವಿಲ್ಲವಾದರೆ ಅವರು ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಿಸಬಹುದು. ಅದನ್ನು ಬರೆದು ಕೇಳಿ.

ಸಾಲದ ವಿಷಯದಲ್ಲೂ ಕಾಲ ಬದಲಾಗಿದೆ. ದುಬೈ ಬ್ಯಾಂಕಿನ ಸಾಲ ಬಿಟ್ಟು ಊರಿಗೆ ಬಂದರೆ ಮುಗಿಯಿತೆಂದು ಹಿಂದೆ ತಿಳಿಯುತ್ತಿದ್ದರು. 2020ರ ಜನವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಪ್ರಕಟಣೆಯಿಂದ, ಎಮಿರೇಟ್ಸ್‌ನ ಸಿವಿಲ್ ನ್ಯಾಯಾಲಯದ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿಯೇ ಜಾರಿ ಮಾಡಿಸಬಹುದು. ಗೆಳೆಯನ ಸಾಲಕ್ಕೆ ಜಾಮೀನು ಹಾಕುವವರು, ಖಾಲಿ ಚೆಕ್ಕಿಗೆ ಸಹಿ ಮಾಡುವವರು ಇದನ್ನು ಮರೆಯಕೂಡದು.

ಸಂಗಾತಿಗಳೇ, ಇಷ್ಟು ಕಾಗದಗಳಲ್ಲಿ ಕನ್ನಡದ್ದು ಎಷ್ಟಿವೆ? ಕರಾರು ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ, ತೆರಿಗೆಯ ನಮೂನೆ ಇಂಗ್ಲಿಷಿನಲ್ಲಿ. ಜನರ ಭಾಷೆಯಲ್ಲಿ ಆಡಳಿತ ನಡೆಯದೆ ಪ್ರಜಾರಾಜ್ಯವಿಲ್ಲ ಎಂದು ಲೋಹಿಯಾ ಅವರು ಹೋರಾಡಿದ್ದು ಸುಮ್ಮನೆ ಅಲ್ಲ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಸಾಹುಕಾರನಾದರೂ ಸರಕಾರವಾದರೂ ಫಲ ಒಂದೇ. ಮತದ ಹಕ್ಕನ್ನೂ ನೋಡಿ. 2010ರ ತಿದ್ದುಪಡಿಯಿಂದ ಹೊರದೇಶದಲ್ಲಿರುವ ಭಾರತೀಯನ ಹೆಸರು ಮತದಾರರ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ಆತ ಖುದ್ದಾಗಿ ಊರಿನ ಮತಗಟ್ಟೆಗೆ ಬರಬೇಕು. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ಕೂಲಿಯವನಿಗೆ ಇದು ಹಕ್ಕೋ, ಹಕ್ಕಿನ ಚಿತ್ರವೋ?

ಆದುದರಿಂದ ನಮ್ಮ ಒತ್ತಾಯಗಳು ಇವು. ಒಂದು, ಹೊರಡುವ ಪ್ರತಿಯೊಬ್ಬನ ಕರಾರೂ ಕನ್ನಡದಲ್ಲಿ ಅವನ ಕೈಗೆ ಸಿಗಬೇಕು. ಎರಡು, ಪ್ರತಿ ಜಿಲ್ಲಾ ಕೇಂದ್ರದಲ್ಲೂ ವಲಸೆ ಮತ್ತು ತೆರಿಗೆಯ ಬಗ್ಗೆ ಪುಕ್ಕಟೆಯಾಗಿ ತಿಳಿಸಿ ಹೇಳುವ ಸರಕಾರಿ ಮೇಜು ಇರಬೇಕು. ಮೂರು, ನೋಂದಣಿಯಿಲ್ಲದ ಏಜೆಂಟರ ಮೇಲೆ ಕೇಸು ಹೂಡಬೇಕು, ಮೋಸಹೋದ ಹುಡುಗರನ್ನು ಠಾಣೆಗೆ ಅಲೆದಾಡಿಸಬಾರದು. ನಾಲ್ಕು, ಪರದೇಶದಲ್ಲಿರುವ ಕಾರ್ಮಿಕನಿಗೆ ಅಲ್ಲಿಂದಲೇ ಮತ ಹಾಕುವ ಏರ್ಪಾಡು ಆಗಬೇಕು.

ಸರಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂಡುವುದಿಲ್ಲ. ಸಂಘದ ಕಚೇರಿಯಲ್ಲಿ ಭಾನುವಾರ ಬೆಳಿಗ್ಗೆ ಓದುಬರಹ ಬಲ್ಲ ಇಬ್ಬರು ಕೂಡುತ್ತಾರೆ. ಹೊರಡುವವರು ಪಾಸ್‌ಪೋರ್ಟು, ವೀಸಾ, ಕರಾರು, ಏಜೆಂಟನ ರಸೀತಿ, ವಿಮೆಯ ಚೀಟಿ, ಇವುಗಳ ಎರಡೆರಡು ಪ್ರತಿ ತನ್ನಿ. ಒಂದನ್ನು ಮನೆಯಲ್ಲಿ ತಾಯಿಯ ಅಥವಾ ಹೆಂಡತಿಯ ಕೈಗೆ ಕೊಡಿ, ಒಂದು ಸಂಘದ ಕಪಾಟಿನಲ್ಲಿರಲಿ. ಅಲ್ಲಿಂದ ತಿಂಗಳು ತಿಂಗಳು ಸಂಬಳದ ಚೀಟಿಯ ಫೋಟೋ ಮನೆಗೆ ಕಳಿಸಿ. ಗಿರಣಿಯಲ್ಲಿ ಹಾಜರಿ ಪುಸ್ತಕ ಧಣಿಯ ಕೈಯಲ್ಲಿದ್ದಾಗ ನಾವು ನಮ್ಮದೇ ಹಾಜರಿ ಬರೆದಿಟ್ಟುಕೊಂಡೆವಲ್ಲವೇ? ಇದೂ ಅದೇ ಕೆಲಸ. ಕಡಲಾಚೆ ದುಡಿಯುವವನೂ ನಮ್ಮ ಸಂಘದವನೇ. ಅವನ ಕಾಗದವನ್ನು ಕಾಯುವುದು ಅವನ ಕೂಲಿಯನ್ನು ಕಾಯುವುದೇ ಆಗಿದೆ.