ಇಳಿಜಾರಿನಲ್ಲಿ ಇಬ್ಬರ ಸೈಕಲ್



ಎರಡು ಸೀಟು, ಎರಡು ಜೊತೆ ಪೆಡಲ್ ಇರುವ ಟ್ಯಾಂಡಮ್ ಸೈಕಲ್ಲಿನಲ್ಲಿ ಅಣ್ಣತಮ್ಮಂದಿರಾದ ನಾವಿಬ್ಬರೂ ಕೂನೂರಿನಿಂದ ಮೆಟ್ಟುಪಾಳ್ಯಕ್ಕೆ ಹೊರಟ ಕಥೆ ಕೇಳಿ ನಿಮ್ಮಲ್ಲಿ ಹಲವರು ನಕ್ಕಿದ್ದೀರಿ. ನಗುವಂಥದ್ದೇ. ಆದರೆ ನಮ್ಮ ಲೈನಿನ ಹುಡುಗರು ಒಂದೇ ಸೈಕಲ್ಲಿನಲ್ಲಿ ಇಬ್ಬಿಬ್ಬರು ಕೂತು ಫ್ಯಾಕ್ಟರಿ ಇಳಿಜಾರಿನಲ್ಲಿ ಹಾರಿಬರುವುದನ್ನು ಕಂಡಾಗ ನಮಗೆ ಎದೆ ಝಲ್ಲೆನ್ನುತ್ತದೆ. ಆದುದರಿಂದ ಇಂದು ಪೂರ್ತಿ ಹೇಳಿಬಿಡುತ್ತೇವೆ.

ನಾವಿಬ್ಬರೂ ಸೈಕಲ್ಲೂ ಸೇರಿ ಸುಮಾರು 150 ಕಿಲೋ. ಗಾಳಿ ಎದುರಾಗುವುದು ಹೆಚ್ಚಾಗಿ ಮುಂದಿನವನಿಗೆ; ಹಿಂದಿನವನು ಅವನ ಮರೆಯಲ್ಲಿರುತ್ತಾನೆ. ಹೀಗೆ ಭಾರ ಎರಡು ಪಾಲು, ತಡೆ ಒಂದೇ ಪಾಲಿಗೆ ಹತ್ತಿರ. ಇಳಿಜಾರಿನಲ್ಲಿ ಈ ಗಾಡಿ ಒಬ್ಬನ ಸೈಕಲ್ಲನ್ನು ಹಿಂದೆ ಹಾಕುವುದು ಅದಕ್ಕೇ. ವೇಗ ಇಮ್ಮಡಿಯಾದರೆ ಬ್ರೇಕಿನ ಕೆಲಸ ನಾಲ್ಮಡಿ. ಆ ಘಾಟಿನಲ್ಲಿ ಇಳಿತ ಸುಮಾರು 1500 ಮೀಟರ್. ನಮ್ಮಷ್ಟು ಭಾರ ಅಷ್ಟು ಇಳಿದರೆ ಬರುವ ಶಾಖ ಆರು ಲೀಟರ್ ತಣ್ಣೀರನ್ನು ಕುದಿಸಲು ಸಾಕು! ಓಡುವಾಗ ಒಂದು ಪಾಲನ್ನು ಗಾಳಿ ತೆಗೆದುಕೊಳ್ಳುತ್ತದೆ. ಬ್ರೇಕನ್ನು ಬಿಡದೆ ಒತ್ತಿಕೊಂಡೇ ಇಳಿದರೆ ಬಹುಪಾಲು ರಿಮ್ಮಿಗೇ ಹೋಗುತ್ತದೆ.

ನಾವು ಮಾಡಿದ್ದು ಅದನ್ನೇ. ಇಂಥ ಗಾಡಿಗಳಲ್ಲಿ ಕೆಲವಕ್ಕೆ ಹಿಂದಿನ ಚಕ್ರದ ನಡುವೆ ಮೂರನೆಯದಾಗಿ ಡ್ರಮ್ ಬ್ರೇಕು ಇರುತ್ತದೆ. ನಮ್ಮದು ಎರವಲು ತಂದ ಹಳೆಯ ಗಾಡಿ, ಅದಿರಲಿಲ್ಲ. ಬರ್ಲಿಯಾರಿಗೆ ಇನ್ನೂ ದೂರವಿರುವಾಗಲೇ ಸುಟ್ಟ ರಬ್ಬರಿನ ವಾಸನೆ ಬಂತು. ಮೊದಲು ತಿಳಿದದ್ದು ಹಿಂದೆ ಕೂತ ತಮ್ಮನಿಗೆ. ಅಣ್ಣನಿಗೆ ಹೇಳಲು ಸಂಕೋಚಪಟ್ಟ. ಅಣ್ಣನೂ ಬ್ರೇಕು ಹಿಡಿಯುತ್ತಿಲ್ಲವೆಂದು ತಮ್ಮನಿಗೆ ಹೇಳಲಿಲ್ಲ, ಹೆದರುತ್ತಾನೆಂದು. ಮುಂದಿನ ತಿರುವಿಗೆ ಮೊದಲೇ ಬಿಸಿಗೆ ಟ್ಯೂಬಿನ ತೇಪೆ ಬಿಟ್ಟು ಮುಂದಿನ ಟೈರು ಢಬ್ಬೆಂದಿತು. ಗಾಡಿ ಗುಡ್ಡದ ಕಡೆಯ ಚರಂಡಿಗೆ ಬಿತ್ತು. ಕಣಿವೆಯ ಕಡೆಗಲ್ಲ, ಅಷ್ಟೇ.

ಹಿಂದೆ ಕೂತವನ ಹ್ಯಾಂಡಲ್ ತಿರುಗುವುದಿಲ್ಲ, ಬ್ರೇಕಿಲ್ಲ. ಕಾಣುವುದು ಮುಂದಿನವನ ಬೆನ್ನು. ಪ್ಯಾರಾಲಿಂಪಿಕ್ಸಿನಲ್ಲಿ ಕಣ್ಣು ಕಾಣದವರು ಹಿಂದಿನ ಸೀಟಿನಲ್ಲಿ ಕೂತು ಇದೇ ಗಾಡಿಯಲ್ಲಿ ಪಂದ್ಯ ಓಡುತ್ತಾರೆ. ಮುಂದಿನವರು ತಿರುವು, ಗುಂಡಿ, ಬ್ರೇಕು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಎರಡೂ ಪೆಡಲಿಗೆ ಚೈನು ಒಂದಕ್ಕೊಂದು ಕಟ್ಟಿದೆ. ಒಬ್ಬನು ನಿಲ್ಲಿಸಿದರೆ ಇನ್ನೊಬ್ಬನೂ ನಿಲ್ಲಿಸಬೇಕು. ತಿರುವಿನಲ್ಲಿ ಇಬ್ಬರೂ ಒಂದೇ ಕಡೆಗೆ ವಾಲಬೇಕು.

ಕ್ಯಾರಿಯರಿನಲ್ಲಿ ಗೆಳೆಯನನ್ನು ಕೂರಿಸಿಕೊಳ್ಳುವ ಹುಡುಗರೇ, ನಿಮ್ಮ ಭಾರವೂ ಹೆಚ್ಚುಕಡಿಮೆ ಇಷ್ಟೇ, ಬ್ರೇಕು ಇದಕ್ಕಿಂತ ಬಡವು. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮನ್ನು ಅದು ಹಿಡಿಯುವುದೇ ಇಲ್ಲವೆನ್ನಬೇಕು. ತಿರುವಿಗೆ ಮೊದಲೇ ಬ್ರೇಕು ಹಿಡಿದು ಬಿಡಿ. ನಡುನಡುವೆ ನಿಂತು ರಿಮ್ಮನ್ನು ಆರಗೊಡಿ. ಕಡಿದಾದ ಕಡೆ ಹಿಂದಿನವನು ಇಳಿದು ನಡೆಯಲಿ.

ಅಂದು ಬರ್ಲಿಯಾರಿನವರೆಗೆ ಗಾಡಿಯನ್ನು ತಳ್ಳಿಕೊಂಡೇ ನಡೆದೆವು. ವಾಸನೆ ಬಂದಿತ್ತೆಂದು ತಮ್ಮನು ಹೇಳಿದ್ದು ಅಲ್ಲಿ, ಚಹಾ ಕುಡಿಯುವಾಗ.