ಹೊಸ ಮೀನುತೊಟ್ಟಿಯ ನೀರು

ಹೊಸದಾಗಿ ಇಟ್ಟ ಗಾಜಿನ ತೊಟ್ಟಿಯಲ್ಲಿ ಮೀನುಗಳು ಸಾಯತೊಡಗುವುದು ಹೆಚ್ಚಾಗಿ ಮೊದಲ ವಾರ ಕಳೆದ ಮೇಲೆ. ಆಗಲೂ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ತೊಂದರೆಯ ಮೂಲವಾದ ಅಮೋನಿಯಾಕ್ಕೆ ನೀರಿನಲ್ಲಿ ಬಣ್ಣವಿಲ್ಲ.

ತಿಂದ ಪ್ರೋಟೀನಿನಿಂದ ಉಳಿಯುವ ಸಾರಜನಕವನ್ನು ಮೀನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತಳದಲ್ಲಿ ಕೊಳೆಯುವ ಆಹಾರದ ಕಾಳುಗಳೂ ಅದನ್ನೇ ಬಿಡುತ್ತವೆ. ಕೆರೆಯಲ್ಲಿ ಇದು ಲೆಕ್ಕಕ್ಕೇ ಬಾರದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಸುವುದು ಹೆಚ್ಚೆಂದರೆ 55 ಲೀಟರ್. ಅಲ್ಲಿ ನಾಲ್ಕು ಗೋಲ್ಡ್‌ಫಿಶ್ ಬಿಟ್ಟರೆ ಅಮೋನಿಯಾ ದಿನೇ ದಿನೇ ಏರುತ್ತದೆ.

ಇದನ್ನು ಕರಗಿಸುವ ಕೆಲಸ ಬ್ಯಾಕ್ಟೀರಿಯಾಗಳದು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಹಳೆಯ ಪುಸ್ತಕಗಳು ಎರಡನೆಯ ಹಂತಕ್ಕೆ ನೈಟ್ರೋಬ್ಯಾಕ್ಟರ್ ಹೆಸರು ಹೇಳುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ್ದು ಎಂಬುದು 1990ರ ದಶಕದ ಕೊನೆಗೆ ತಿಳಿಯಿತು. ಇವು ಬೆಳೆಯುವುದು ಬಲು ನಿಧಾನ. ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ನಡುವೆ ನೈಟ್ರೈಟ್ ಏರುವ ಕೆಲವು ದಿನಗಳು ವಿಶೇಷ ಅಪಾಯದವು: ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹೊರಲು ಬಿಡುವುದಿಲ್ಲ. ಪಂಪ್ ಗುಳ್ಳೆ ಎಬ್ಬಿಸುತ್ತಿದ್ದರೂ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ನೀರು ಬದಲಿಸುವುದರ ಜೊತೆಗೆ ಲೀಟರಿಗೆ ಅರ್ಧ ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿದರೆ, ಅದರ ಕ್ಲೋರೈಡ್ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ.

ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೂ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದರೆ ವಿಷರೂಪದಲ್ಲಿರುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. 8 ಆದರೆ ಸುಮಾರು ಐದು ಪಾಲು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ತುಂಬಿದವರಿಗೆ ಈ ಲೆಕ್ಕ ಮುಖ್ಯ. ನಲ್ಲಿ ನೀರಿನ ಕಷ್ಟ ಬೇರೆ: ಅದರ ಕ್ಲೋರಿನ್ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಬಕೆಟ್‌ನಲ್ಲಿ ಒಂದು ದಿನ ಗಾಳಿಯಾಡಿಸಿ ಇಡಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿಕ್ಲೋರಿನ್ ಹನಿ ಹಾಕಬೇಕು.

ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಫಿಲ್ಟರಿನ ಸ್ಪಂಜು, ತಳದ ಜಲ್ಲಿ, ಗಾಜಿನ ಮೈಗೆ ಅಂಟಿ ಬದುಕುತ್ತವೆ. ಭಾನುವಾರ ಬಂತೆಂದರೆ ತೊಟ್ಟಿ ಬರಿದು ಮಾಡಿ, ಜಲ್ಲಿ, ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆಯುವ ಮನೆಗಳಲ್ಲಿ ತೊಟ್ಟಿ ಎಂದಿಗೂ ಹಳತಾಗುವುದೇ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಕರೆಂಟ್ ಉಳಿಸಲೆಂದು ರಾತ್ರಿ ಫಿಲ್ಟರ್ ಆರಿಸುವುದೂ ತಪ್ಪು. ಈ ಜೀವಿಗಳಿಗೂ ಆಮ್ಲಜನಕ ಬೇಕು. ಮೊದಲ ದಿನಗಳಲ್ಲಿ ನೀರು ಹಾಲು ಬೆರೆತಂತೆ ಬೆಳ್ಳಗಾದರೆ ಗಾಬರಿ ಬೇಡ, ಅದು ಬೇರೆ ಬ್ಯಾಕ್ಟೀರಿಯಾಗಳ ಆಟ, ತಾನಾಗಿಯೇ ತಿಳಿಯಾಗುತ್ತದೆ.

ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಹೊಸ ಫಿಲ್ಟರಿಗೆ ಸೇರಿಸಿದರೆ ಕಾಯುವ ಅವಧಿ ಬಹಳ ತಗ್ಗುತ್ತದೆ. ನೀರಿನ ಸ್ಥಿತಿ ತಿಳಿಯಲು ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಒಳ್ಳೆಯದು. ಅಮೋನಿಯಾ ಪರೀಕ್ಷೆಯ ಸಾಮಾನ್ಯ ಕಿಟ್‌ನಲ್ಲಿ ಗಾಜಿನ ಕೊಳವೆಯ ನೀರು ಹಳದಿಯಾಗಿ ಉಳಿದರೆ ಸರಿ, ಹಸಿರಿಗೆ ತಿರುಗಿದರೆ ಅಂದೇ ಕಾಲು ಭಾಗ ನೀರು ಬದಲಿಸಿ ಆಹಾರ ಕಡಿಮೆ ಮಾಡಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಕೆಲವು ದಿನ ಸೊನ್ನೆಯಲ್ಲೇ ನಿಂತು ನೈಟ್ರೇಟ್ ಕಾಣಿಸಿಕೊಂಡ ಮೇಲೆ, ಒಂದೆರಡರಂತೆ ಹೊಸ ಮೀನುಗಳನ್ನು ಬಿಡಬಹುದು.